ಹಚ್ಚಿಕೊಟ್ಟವಳ ಬೆಂಕಿ

ನಮ್ಮೂರಲ್ಲಿ ತನ್ನ ಒಲೆಯನ್ನು ತಾನೇ ಹಚ್ಚಿಕೊಳ್ಳಲು ಬರುವುದಿಲ್ಲ. ಕಡ್ಡಿಪೆಟ್ಟಿಗೆ ಪೂರ್ತಿ ಗೀರಿ ಮುಗಿಸಿದರೂ ಅಷ್ಟೇ, ಕಡ್ಡಿಯ ತಲೆ ಉದುರೀತೇ ಹೊರತು ಕಿಡಿ ಹಾರದು. ಪಕ್ಕದ ಮನೆಯವರು ಬಂದು ಗೀರಿ ಕೊಡಬೇಕು, ಅವರ ಒಲೆಗೆ ನೀವು ಹೋಗಿ ಗೀರಬೇಕು. ಬೆಳಗಾಯಿತೆಂದರೆ ಓಣಿಯ ತುಂಬ ಜನ ಕಡ್ಡಿಪೆಟ್ಟಿಗೆ ಹಿಡಿದು ಕಣ್ಣುಜ್ಜಿಕೊಳ್ಳುತ್ತ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಓಡಾಡುವುದನ್ನು ನೋಡಬೇಕು. ಹೊರಗಿನಿಂದ ಬಂದವರು ಮೊದಮೊದಲು ನಗುತ್ತಾರೆ. ಬರೀ ನೆನೆಸಿದ ಅವಲಕ್ಕಿ ತಿಂದು ಸಾಕಾದ ಮೇಲೆ ಅವರೂ ಮುಖ ಸಣ್ಣ ಮಾಡಿಕೊಂಡು ಪಕ್ಕದ ಮನೆಯ ಬಾಗಿಲು ಬಡಿಯುತ್ತಾರೆ.

ಇಷ್ಟೇ ಆಗಿದ್ದರೆ ಸುಖವಾಗಿರುತ್ತಿತ್ತು. ಹಚ್ಚಿಕೊಟ್ಟವರ ಮನಸ್ಸಿನಲ್ಲಿ ನಿಮ್ಮ ಮೇಲೆ ಏನಾದರೂ ಇದ್ದರೆ ಬೆಂಕಿ ನೆಟ್ಟಗೆ ನಿಲ್ಲುವುದಿಲ್ಲ, ನಿಮ್ಮ ಕಡೆಗೆ ಬಾಗುತ್ತದೆ. ಸಣ್ಣ ಸಿಟ್ಟಾದರೆ ರೊಟ್ಟಿ ಕರಕಾಗುತ್ತದೆ, ದೊಡ್ಡದಾದರೆ ಸೆರಗು ಹಿಡಿಯುತ್ತದೆ. ಅದೂ ಹಚ್ಚುವ ಹೊತ್ತಿನ ಮನಸ್ಸು ಮಾತ್ರವಲ್ಲ, ಅದು ಉರಿಯುವಷ್ಟು ಹೊತ್ತಿನ ಮನಸ್ಸು. ಬೆಳಿಗ್ಗೆ ನಗುನಗುತ್ತ ಹಚ್ಚಿಕೊಟ್ಟು ಹೋದವಳಿಗೆ, ನಿಮ್ಮ ಆಡು ಅವಳ ಸೇವಂತಿಗೆ ಮೇಯ್ದದ್ದು ಆಮೇಲೆ ಗೊತ್ತಾಯಿತೆನ್ನಿ, ನಿಮ್ಮ ಅಡುಗೆಮನೆಯಲ್ಲಿ ಸಾರು ಭುಸ್ಸೆಂದು ಉಕ್ಕುತ್ತದೆ. ಆಗ ನಾವು ಪಾತ್ರೆ ಇಳಿಸಿ, ಏನೋ ಆಗೈತಿ ಎನ್ನುತ್ತ ಅವಳ ಮನೆಗೆ ಓಡಿ ಕಾಲು ಹಿಡಿಯುವುದೋ ಜಗಳ ತೆಗೆಯುವುದೋ ಒಂದು ಮಾಡುತ್ತೇವೆ. ಹೇಗಾದರೂ ಸರಿ, ಮಾತು ಹೊರಗೆ ಬಂದರೆ ಉರಿ ನೆಟ್ಟಗಾಗುತ್ತದೆ.

ಇಂಥ ಊರಿನಲ್ಲಿ ಬೆಂಕಿಯಾಟ ಆಡಬೇಕೆಂಬ ಬುದ್ಧಿ ಮೊದಲು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ಆ ಆಟ ಆಡುವ ನಾವು ಇರುವುದು ಹೊಳೆದಂಡೆಯ ಹಳೆಯ ಹತ್ತಿ ಗೋದಾಮಿನಲ್ಲಿ. ಬೆಂಕಿಯವರಿಗೆ ಹತ್ತಿ ಗೋದಾಮೇ ಸಿಕ್ಕಿತಾ ಎಂದು ಊರು ಕುಚೋದ್ಯ ಮಾಡುತ್ತದೆ, ಮಾಡಲಿ ಬಿಡಿ. ಹತ್ತಿ ಹೋಗಿ ಎಷ್ಟೋ ಕಾಲವಾಯಿತು. ಈಗ ಅಲ್ಲಿ ಬೋರ್ಡು ಬರೆಯುವವರು, ಮುಖವಾಡ ಮಾಡುವವರು, ಹಲಗೆಗೆ ಚರ್ಮ ಬಿಗಿಯುವವರು, ಪದ ಕಟ್ಟಿ ಹಾಡುವವರು, ಏನನ್ನೂ ಮಾಡದೆ ದೊಡ್ಡದೊಂದು ಮಾಡುತ್ತಿದ್ದೇನೆ ಎಂದು ಹೇಳಿಕೊಂಡು ತಿರುಗುವವರು ಎಲ್ಲರೂ ಗೋಣಿತಟ್ಟಿನ ಮರೆ ಕಟ್ಟಿಕೊಂಡು ಸಂಸಾರ ಹೂಡಿದ್ದಾರೆ. ನಮಗೆಲ್ಲ ಹಿರಿಯರು ವಿರೂಪಾಕ್ಷಿ ಮಾಸ್ತರು. ಮುಖವಾಡಕ್ಕೆ ಬಣ್ಣ ಬಳಿಯುವುದು ಅವರ ಕೆಲಸ, ನಮ್ಮನ್ನು ಗದರುವುದು ಅವರ ಸಂತೋಷ.

ನಾನು ದ್ಯಾಮವ್ವ, ಊರಿಗೆಲ್ಲ ದ್ಯಾಮಿ. ಸರಪಳಿ ಆಡುವವಳು. ಎರಡು ಕೈಗೆ ಎರಡು ಸರಪಳಿ, ತುದಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯುಂಡೆ. ಅದಕ್ಕೆ ಬೆಂಕಿ ಹಚ್ಚಿಸಿಕೊಂಡು ತಲೆಯ ಸುತ್ತ, ಸೊಂಟದ ಸುತ್ತ, ಕಾಲ ಸಂದಿಯಲ್ಲಿ ಬೀಸತೊಡಗಿದರೆ ಜನ ಕಣ್ಣು ಮಿಟುಕಿಸುವುದಿಲ್ಲ. ನನ್ನನ್ನು ನಾನೇ ಹೊಗಳಿಕೊಳ್ಳುತ್ತಿದ್ದೇನೆ ಅನ್ನಿಸಿತೇ? ಹೌದು, ಹೊಗಳಿಕೊಳ್ಳುತ್ತಿದ್ದೇನೆ. ನನ್ನಂತೆ ಆಡುವವರನ್ನು ತೋರಿಸಿ, ನಿಲ್ಲಿಸುತ್ತೇನೆ.

ನನಗೆ ಬೆಂಕಿ ಹಚ್ಚಿಕೊಡುವವಳು ಕಾಶಿಂಬಿ. ಇಬ್ಬರೂ ಮೂಗು ಸುರಿಸಿಕೊಂಡು ತಿರುಗುತ್ತಿದ್ದ ಕಾಲದ ಗೆಳೆತನ. ನನ್ನ ಒಲೆ ಅವಳು ಹಚ್ಚುತ್ತಾಳೆ, ಅವಳ ಒಲೆ ನಾನು ಹಚ್ಚುತ್ತೇನೆ. ನನ್ನ ಸರಪಳಿಗೆ ಬೇರೆ ಯಾರೂ ಇದುವರೆಗೆ ಕಡ್ಡಿ ಗೀರಿಲ್ಲ. ಆಟ ಮುಗಿದ ಮೇಲೆ ಜನ ನನ್ನ ಸುತ್ತ ಮುತ್ತಿಕೊಂಡು ಭೇಷ್ ಅನ್ನುತ್ತಾರೆ, ಅವಳು ಆ ಕಡೆ ಉಂಡೆಯ ಮೇಲೆ ಹಸಿ ತಟ್ಟು ಹಾಕಿ ಆರಿಸುತ್ತ ಕೂತಿರುತ್ತಾಳೆ.

ಹಚ್ಚುವವರ ಹೊಣೆ ಸಣ್ಣದಲ್ಲ. ಸೇತುವೆಯ ಆಚೆ ಸಿದ್ರಾಮ ಎಂಬವನಿದ್ದಾನೆ, ಮೊದಲು ನಮ್ಮ ಗೋದಾಮಿನವನೇ, ಅವನನ್ನು ನೋಡಿದರೆ ಸಾಕು. ಒಂದು ಸಲ ಅವನು ಹಚ್ಚಿಕೊಟ್ಟ ಪಂಜು ಅವನ ಗೆಳೆಯನ ಮುಖವನ್ನು ಊರ ಮುಂದೆ ಕಿವಿ ಸಹಿತ ಸುಟ್ಟಿತು. ಗೆಳೆಯ ಬದುಕಿಕೊಂಡ. ಆದರೆ ಅಂದಿನಿಂದ ಸಿದ್ರಾಮನ ಕೈಯಿಂದ ಯಾರೂ ಬೆಂಕಿ ಹಚ್ಚಿಸಿಕೊಳ್ಳುವುದಿಲ್ಲ. ಕೊಡಲಾಗದವನಿಗೆ ಕೊಡುವವರೂ ಇಲ್ಲ. ಚಳಿಗಾಲದಲ್ಲೂ ತಣ್ಣೀರ ಸ್ನಾನ, ನೆನೆಸಿದ ಅವಲಕ್ಕಿ. ದಾರಿಯಲ್ಲಿ ಸಿಕ್ಕರೆ ಅವನೇ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ.

ಅದಕ್ಕೇ ನಮ್ಮಲ್ಲಿ ಪರಾತದ ಪದ್ಧತಿ. ಆಟದ ದಿನ ಬೆಳಿಗ್ಗೆ ಆಡುವವರು, ಹಚ್ಚುವವರು ಎದುರುಬದುರು ಕೂತು ನೀರು ತುಂಬಿದ ದೊಡ್ಡ ಹಿತ್ತಾಳೆ ಪರಾತದಲ್ಲಿ ಇಬ್ಬರೂ ಕಾಲು ಇಳಿಬಿಡಬೇಕು. ಆಮೇಲೆ ಒಬ್ಬರನ್ನೊಬ್ಬರು ಬೈಯಬೇಕು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಬೈದು ತೀರಿಸಬೇಕು. ಬೈಸಿಕೊಳ್ಳುವವರು ನಕ್ಕರೆ ಬೈದವರು ಅವರ ಬಾಯಿಗೆ ಒಂದು ಮುಷ್ಟಿ ಚುರಮುರಿ ತುರುಕುತ್ತಾರೆ. ಕೊನೆಗೆ ಇಬ್ಬರೂ 'ಖಾಲಿ' ಎಂದ ಮೇಲೆ ಮಾಸ್ತರು ಪರಾತದ ನೀರನ್ನು ಅಂಗಳಕ್ಕೆ ಚೆಲ್ಲುತ್ತಾರೆ. ಮೊದಲು ಇದು ಬಾಗಿಲು ಹಾಕಿಕೊಂಡು ಮಾಡುವ ಕೆಲಸವಾಗಿತ್ತಂತೆ. ನಾನೂ ಕಾಶಿಂಬಿಯೂ ಕೂರತೊಡಗಿದ ಮೇಲೆ ಬಾಗಿಲು ತೆರೆಯಿತು. ನಮ್ಮ ಬೈಗುಳ ಕೇಳಲು ಓಣಿಯ ಜನ ಚಾಪೆ ತಂದು ಕೂರುತ್ತಿದ್ದರು. ವಾರ ಮೊದಲೇ ನಾವು ಒಳ್ಳೊಳ್ಳೆಯ ಬೈಗುಳ ಯೋಚಿಸಿ ಇಟ್ಟುಕೊಳ್ಳುತ್ತಿದ್ದೆವು. ಇಲ್ಲದ ಸಿಟ್ಟನ್ನು ಹುಟ್ಟಿಸಿಕೊಂಡು ಬೈಯುತ್ತಿದ್ದೆವು ಅನ್ನಿ.

ಚಳಿ ಬಿದ್ದ ಮೊದಲ ಸಂಜೆ ಊರೆಲ್ಲ ಹೊಳೆಯ ಮೆಟ್ಟಿಲ ಮೇಲೆ ಕೂತು ನಮ್ಮ ಆಟ ನೋಡುತ್ತದೆ. ಈ ಸಲ ಆ ದಿನ ಬೆಳಿಗ್ಗೆ ನಮ್ಮ ಪರಾತಕ್ಕೆ ಕಿಕ್ಕಿರಿದ ಜನ. ನಾನು ಶುರು ಮಾಡಿದೆ.

"ಏ ಕಾಶಿಂಬಿ, ನೀ ಮಾಡೋ ಚಾದಾಗ ಹಾಲು ಎಲ್ಲಿ, ನೀರು ಎಲ್ಲಿ ಅಂತ ಹುಡುಕಿ ಹುಡುಕಿ ನನ್ನ ಕಣ್ಣು ಹೋದವು. ನಿನ್ನ ಎಮ್ಮಿ ಹೊಳಿಯಾಗ ಈಜಾಡಕೋತ ಹಾಲು ಕೊಡ್ತೈತೇನು?"

ಜನ ಹೋ ಎಂದರು. ಕಾಶಿಂಬಿ ತುಟಿ ಕಚ್ಚಿಕೊಂಡು ನಗು ತಡೆದು ತಿರುಗಿಸಿ ಬೈದಳು. "ನಿನ್ನ ಗೊರಕಿಗೆ ನಮ್ಮ ಗೋದಾಮಿನ ಪತ್ರಾ ಸಡ್ಲಾಗ್ಯಾವ. ಮಳಿ ಬಂದ್ರ ನಾ ಅಲ್ಲ, ನಿನ್ನ ಮೂಗು ಬಂದು ಛಾವಣಿ ಕಟ್ಟಬೇಕು."

ಹೀಗೇ ನಡೆಯಿತು. ಕೊನೆಗೆ ಅವಳು ಕಾಲಿನಿಂದ ನನ್ನ ಮೇಲೆ ನೀರು ಚಿಮ್ಮಿಸಿ ಅಂದಳು: "ಯಾವತ್ತಿದ್ರೂ ನಿನ್ನ ಕೈಯಾಗ ಸರಪಳಿ, ನನ್ನ ಕೈಯಾಗ ಕಡ್ಡಿಪೆಟ್ಟಿಗಿ. ನೀ ಸತ್ತ ಮ್ಯಾಲ ನಿನ್ನ ಚಿತಿಗೂ ನಾನ ಬಂದು ಕಡ್ಡಿ ಗೀರಬೇಕೇನು? ಒಮ್ಮೆರ ನನ್ನ ಕೈಯಾಗ ಕೊಡ ಬೇ ಆ ಸರಪಳಿ!"

ಗೋದಾಮು ಬಿದ್ದು ಬಿದ್ದು ನಕ್ಕಿತು. ನನಗೂ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಿಯಮದಂತೆ ನನ್ನ ಬಾಯಿಗೆ ಚುರಮುರಿ ತುರುಕಿದಳು, ಸ್ವಲ್ಪ ಹೆಚ್ಚೇ ತುರುಕಿದಳು. "ಖಾಲಿ" ಎಂದೆ ನಾನು, ಬಾಯಿ ತುಂಬಿಕೊಂಡೇ. "ಖಾಲಿ" ಎಂದಳು ಅವಳು. ಮಾಸ್ತರು ನೀರು ಚೆಲ್ಲಿದರು.

ಮಧ್ಯಾಹ್ನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಕಾಶಿಂಬಿ ಎಂದಿನಂತೆ ಹಚ್ಚಿಕೊಟ್ಟು ಹೋಗಿದ್ದಳು. ರೊಟ್ಟಿ ತಿರುವಿ ಹಾಕಲು ಕೈ ಚಾಚಿದೆ ನೋಡಿ, ಉರಿ ಹೆಂಚಿನ ಅಡಿಯಿಂದ ಹೊರಗೆ ಬಂದು ನನ್ನ ಕೈ ನೆಕ್ಕಿತು. ಚರ್ ಎಂದು ಮುಂಗೈ ಕೂದಲು ಸುಟ್ಟ ವಾಸನೆ. ಗಾಳಿ ಇರಬಹುದು ಎಂದುಕೊಂಡು ಗೋಣಿತಟ್ಟಿನ ಮರೆ ಎಳೆದೆ. ಉರಿ ಮತ್ತೆ ನನ್ನ ಕಡೆಗೇ ಬಾಗಿತು. ನಾನು ಒಲೆಯ ಆ ಬದಿಗೆ ಹೋಗಿ ಕೂತೆ. ಅದೂ ಆ ಬದಿಗೆ ತಿರುಗಿತು.

ಕಾಶಿಂಬಿಯ ಬೆಂಕಿ ನನ್ನ ಕಡೆ ಬಾಗುವುದೆಂದರೇನು? ಇಷ್ಟು ವರ್ಷದಲ್ಲಿ ಒಂದು ದಿನವೂ ಹೀಗಾದದ್ದಿಲ್ಲ. ನನ್ನ ಮೇಲೆ ಅವಳಿಗೆ ಏನಿದೆ? ಬೆಳಿಗ್ಗೆಯಷ್ಟೇ ಖಾಲಿ ಎಂದಿದ್ದಳಲ್ಲ! ಸಂಜೆ ಇದೇ ಕೈ ನನ್ನ ಸರಪಳಿಗೆ ಕಡ್ಡಿ ಗೀರಬೇಕು. ಒಲೆಯ ಉರಿ ಕೈ ನೆಕ್ಕಿದರೆ ಕೂದಲು ಹೋದೀತು. ಸರಪಳಿಯ ಬೆಂಕಿ ಮುಖದ ಸುತ್ತ ಸುತ್ತುವಾಗ ಬಾಗಿದರೆ ಕಣ್ಣು ಉಳಿಯುವುದಿಲ್ಲ.

ಬೇರೆ ಯಾರಾದರೂ ಹಚ್ಚಿಕೊಡಲಿ ಎಂದು ಹೇಳಿದರೆ ಮುಗಿಯಿತಲ್ಲ ಅನ್ನುತ್ತೀರಿ. ಹೇಳಿದರೆ ಮುಗಿದೇ ಹೋಯಿತು, ಕಾಶಿಂಬಿಯ ಬದುಕು. ಯಾಕೆ ದ್ಯಾಮಿ ಹಚ್ಚುವವಳನ್ನು ಬದಲಿಸಿದಳು ಎಂದು ಊರು ಕೇಳುತ್ತದೆ. ಪರಾತದಲ್ಲಿ ಕೂತು ಸುಳ್ಳು ಖಾಲಿ ಹೇಳಿದಳಂತೆ ಎಂದು ಸಂಜೆಯೊಳಗೆ ಮನೆಮನೆಗೆ ಮುಟ್ಟುತ್ತದೆ. ನಾಳೆಯಿಂದ ಅವಳ ಒಲೆಗೆ ಕಡ್ಡಿ ಗೀರಲು ಯಾರೂ ಬರುವುದಿಲ್ಲ, ಸೇತುವೆಯ ಆಚೆ ಇನ್ನೊಂದು ತಣ್ಣನೆಯ ಮನೆ. ಹೇಳದಿದ್ದರೆ ನನ್ನ ಮುಖ. ರೊಟ್ಟಿ ಕರಕಾಗಿ ಹೊಗೆಯೆದ್ದದ್ದು ನನಗೆ ತಿಳಿಯಲೇ ಇಲ್ಲ.

ಒಲೆಗೆ ನೀರು ಸುರಿದು ಅವಳ ಗೋಣಿತಟ್ಟಿನ ಮರೆಯೊಳಗೆ ಹೋದೆ. ಸಂಜೆಯ ಉಂಡೆಗಳಿಗೆ ಬಟ್ಟೆ ಸುತ್ತುತ್ತ ಕೂತಿದ್ದಳು. ಸೆಕೆಯಿಲ್ಲದಿದ್ದರೂ ಮುಖ ಬೆವೆತಿತ್ತು.

"ಕಾಶಿಂಬಿ, ನನ್ನ ಮ್ಯಾಲ ನಿನಗ ಏನರ ಸಿಟ್ಟೈತೇನು?"

"ಐತಿ," ಎಂದಳು ತಲೆಯೆತ್ತದೆ. "ನೀ ತಿಂದು ತಿಂದು ದಪ್ಪ ಆಗಿ. ಬೆಂಕಿ ಸುತ್ತು ಹಾಕಾಕ ಈಗ ಡಬಲ್ ಸೀಮಿಎಣ್ಣಿ ಬೇಕಾಗೈತಿ."

"ನಗಸಬ್ಯಾಡ. ಖರೇ ಕೇಳಾಕತ್ತೀನಿ."

"ಖರೇನ ಹೇಳಾಕತ್ತೀನಿ. ನಿನ್ನ ಸೊಂಟದ ಸುತ್ತ ಬೆಂಕಿ ಹೋಗಿ ವಾಪಸ್ ಬರೂದ್ರಾಗ ನಾ ಒಂದು ನಿದ್ದಿ ತಗೀಬೋದು."

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅವಳ ಕೈ ಹಿಡಿದೆ. "ಪರಾತ ಮುಗದೈತಿ ಕಾಶಿಂಬಿ. ಇಲ್ಲಿ ಯಾರೂ ಇಲ್ಲ. ಇದ್ದದ್ದು ಹೇಳು."

ಅವಳು ಕೈ ಬಿಡಿಸಿಕೊಂಡಳು. ಮುಖ ನೋಡಿದಳು. "ಹೇಳೂದೆಲ್ಲಾ ಹೇಳೀನಲ್ಲ," ಎಂದಳು. "ಎಲ್ಲಾರ ಮುಂದ ಹೇಳೀನಿ. ನೀನೂ ಕೇಳೀದಿ. ಇನ್ನೇನು ಹೇಳಲಿ?" ಮತ್ತೆ ಬಟ್ಟೆ ಸುತ್ತತೊಡಗಿದಳು. ಅದೆಷ್ಟು ಬಿಗಿಯಾಗಿ ಸುತ್ತುತ್ತಿದ್ದಳೆಂದರೆ ಬಟ್ಟೆ ಕಿರ್ ಎನ್ನುತ್ತಿತ್ತು.

ಬೆಳಿಗ್ಗೆ ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತ ಹೊರಬಂದೆ. ಗೊರಕೆ? ಗೊರಕೆಗೆ ಯಾರಾದರೂ ಕಣ್ಣು ಸುಡುತ್ತಾರೆಯೇ? ಅವಳಿಂದ ಇಸಿದುಕೊಂಡ ಸೀರೆಗೆ ಎಣ್ಣೆ ಕಲೆ ಮಾಡಿದ್ದು? ಅದಕ್ಕೂ ಬೈದು ಮುಗಿಸಿದ್ದಳು. ಎಲ್ಲವೂ ನಗೆಯ ಮಾತು, ಎಲ್ಲಕ್ಕೂ ನಾನು ನಕ್ಕಿದ್ದೆ. ತಲೆ ಕೆಟ್ಟು ಹೋಯಿತು.

ಮಾಸ್ತರ ಹತ್ತಿರ ಹೋಗಿ ನಿಂತೆ. ಅವರು ರಾಕ್ಷಸನ ಮುಖವಾಡಕ್ಕೆ ಹಲ್ಲು ಬರೆಯುತ್ತಿದ್ದರು. "ಏನವಾ, ಮುಖ ಯಾಕ ಇಳಿಬಿಟ್ಟಿ?" ಎಂದರು.

"ಏನಿಲ್ರೀ ಮಾಸ್ತರ್ರ. ಒಂದು ಕೇಳ್ಬೇಕಿತ್ತು. ಹಚ್ಚಾಕಿ ಮನಸಿನ್ಯಾಗ ಏನೋ ಉಳದೈತಿ ಅಂತ ಆಡಾಕಿಗೆ ಅನಿಸಿದ್ರ ಏನ್ ಮಾಡಬೇಕ್ರೀ?"

ಮಾಸ್ತರ ಕುಂಚ ನಿಂತಿತು. "ಯಾರಿಗೆ ಅನಿಸೈತಿ? ಯಾರ ಮ್ಯಾಲ?"

ಅವರ ದನಿ ಕೇಳಿಯೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಇವರು ಒಳ್ಳೆಯವರೇ, ಆದರೆ ಗೋದಾಮಿನ ಬಾಗಿಲ ಮೇಲೆ ನಮ್ಮೆಲ್ಲರ ಹೆಸರಿನ ಜೊತೆಗಿದ್ದ ಸಿದ್ರಾಮನ ಹೆಸರನ್ನು ಸುಣ್ಣ ಬಳಿದು ಅಳಿಸಿದವರೂ ಇವರೇ. "ಸುಮ್ನ ಕೇಳಿದೆ, ಒಂದು ಪದದಾಗ ಬಂದಿತ್ತು," ಎಂದು ಏನೋ ಒದರಿ ಓಡಿ ಬಂದೆ.

ಹೊತ್ತು ಇಳಿಯುತ್ತಿತ್ತು. ಊರ ಜನ ಶಾಲು ಹೊದ್ದು, ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಗೆ ಬರತೊಡಗಿದರು. ಹಲಗೆಯವರು ಹಲಗೆ ಬಡಿದು ಬಿಸಿ ಮಾಡಿಕೊಳ್ಳುತ್ತಿದ್ದರು. ನಾನು ಸೀರೆ ಕಚ್ಚೆ ಕಟ್ಟಿ, ತಲೆಗೆ ಒದ್ದೆ ಬಟ್ಟೆ ಬಿಗಿದು, ಸರಪಳಿ ಕೈಗೆ ಸುತ್ತಿಕೊಂಡು ಮರಳಿನ ಮೇಲೆ ಬಂದು ನಿಂತೆ. ಹುಷಾರಿಲ್ಲ ಎಂದು ಬಿದ್ದುಬಿಡಲೇ ಅನ್ನಿಸಿತು. ಬಿದ್ದರೆ ಈ ಸಂಜೆ ಕಳೆದೀತು, ನಾಳೆಯ ಒಲೆ? ನಾಡಿದ್ದಿನ ಒಲೆ? ಅವಳಿಲ್ಲದೆ ನನ್ನ ಒಲೆಯನ್ನು ಯಾರ ಕೈಲಿ ಹಚ್ಚಿಸಿಕೊಳ್ಳಲಿ, ಯಾರ ಒಲೆಗೆ ಹೋಗಿ ಗೀರಲಿ? ಸುಡುವುದಾದರೆ ಸುಡಲಿ ಎಂದು ಒಂದು ಗಳಿಗೆ, ಕಣ್ಣು ಹೋದರೆ ಹೇಗೆ ಎಂದು ಮರುಗಳಿಗೆ. ಮೆಟ್ಟಿಲ ಮೇಲೆ ಮಕ್ಕಳು ಸಿಳ್ಳೆ ಹೊಡೆಯುತ್ತಿದ್ದವು.

ಹಲಗೆ ನಿಂತಿತು. ಹಲಗೆ ನಿಂತರೆ ಹಚ್ಚುವವರು ಬರಬೇಕು. ಕಾಶಿಂಬಿ ಕಡ್ಡಿಪೆಟ್ಟಿಗೆ ಹಿಡಿದು ಬಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಎರಡೂ ಉಂಡೆಗಳನ್ನು ಮುಂದೆ ಚಾಚಿದೆ. ಅವಳು ಕಡ್ಡಿ ತೆಗೆದು ಗೀರಲು ಕೈ ಎತ್ತಿದಾಗ ಕುಪ್ಪಸದ ಉದ್ದ ತೋಳು ಹಿಂದಕ್ಕೆ ಜಾರಿತು. ಮುಂಗೈ ತುಂಬ, ಮೊಣಕೈವರೆಗೆ, ಕಪ್ಪುನೀಲಿ ಕಲೆಗಳು.

ಅಂಥ ಕಲೆ ಎಲ್ಲಿಂದ ಬರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರಪಳಿ ಕಲಿಯುವಾಗ ಉಂಡೆ ತಪ್ಪಿ ಬಂದು ಬಡಿಯುವುದು ಅಲ್ಲಿಯೇ. ಬೇರೆ ಯಾವ ಕೆಲಸದಲ್ಲೂ ಆ ಜಾಗಕ್ಕೆ ಪೆಟ್ಟು ಬೀಳುವುದಿಲ್ಲ. ಹಳೆಯ ಹಳದಿ ಕಲೆ, ಅದರ ಮೇಲೆ ಹೊಸ ಕಲೆ. ಇವಳು ಬಹಳ ದಿನಗಳಿಂದ, ಯಾರಿಗೂ ಕಾಣದೆ, ಬೆಂಕಿಯಿಲ್ಲದ ಸರಪಳಿ ಬೀಸುತ್ತಿದ್ದಾಳೆ. 'ಒಮ್ಮೆರ ನನ್ನ ಕೈಯಾಗ ಕೊಡ ಬೇ' ಎಂದದ್ದು ಬೈಗುಳವೇ ಅಲ್ಲ. ಊರ ಮುಂದೆ, ನನ್ನ ಮುಖಕ್ಕೆ, ಕೇಳಿಯೇ ಕೇಳಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

"ತಡಿ," ಎಂದೆ.

ಅವಳ ಕೈ ನಿಂತಿತು. ಜನ ಗುಸುಗುಸು ಎಂದರು. ಸರಪಳಿಯ ಹಿಡಿಕೆ ಅವಳ ಕೈಗೆ ತುರುಕಿ, ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ. ದೊಡ್ಡ ಮನಸ್ಸು ಮಾಡಿ ಕೊಟ್ಟೆ ಅಂದುಕೊಳ್ಳಬೇಡಿ. ನನ್ನ ಕಣ್ಣಿನ ಭಯ ಅರ್ಧ, ಅವಳ ಕೈ ನೋಡಿ ಕರುಳು ಕಿವುಚಿದ್ದು ಅರ್ಧ. ಯಾವುದು ಮೊದಲೋ ನನಗೂ ಗೊತ್ತಿಲ್ಲ.

"ಹುಚ್ಚಿ ಏನ ನೀ?" ಎಂದು ಪಿಸುಗುಟ್ಟಿದಳು. "ಊರೆಲ್ಲಾ ಕುಂತೈತಿ!"

"ಊರು ಕುಂತೈತಿ ಅಂತನ ಕೊಡಾಕತ್ತೀನಿ. ಆಡ್ತೀಯೋ ಇಲ್ಲೋ?"

ಅವಳು ಸರಪಳಿಯನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ತಲೆಯ ಒದ್ದೆ ಬಟ್ಟೆ ಬಿಚ್ಚಿ ಅವಳ ತಲೆಗೆ ಕಟ್ಟಿದೆ. ಮೆಟ್ಟಿಲ ಮೇಲಿಂದ ಮಾಸ್ತರು "ಏನಾಕತೈತಿ ಅಲ್ಲೆ?" ಎಂದು ಕೂಗಿದರು. ನಾನು ಕಡ್ಡಿ ಗೀರಿದೆ. ಹತ್ತಿತು. ಒಂದು ಉಂಡೆಗೆ ಮುಟ್ಟಿಸಿದೆ, ಇನ್ನೊಂದಕ್ಕೆ ಮುಟ್ಟಿಸಿ ಹಿಂದೆ ಸರಿದೆ.

ಕಾಶಿಂಬಿ ಬೀಸತೊಡಗಿದಳು. ಮೊದಲ ಸುತ್ತು ಅಳುಕಿನದು. ಎರಡನೆಯದರಲ್ಲಿ ಭುಜ ಇಳಿಬಿಟ್ಟಳು. ಆಮೇಲೆ ನೋಡಿ, ಅಯ್ಯೋ ನನ್ನವ್ವಾ, ಅವಳು ಆಡಿದ ಆಟ! ನಾನು ಬಲದಿಂದ ಬೀಸುವುದನ್ನು ಅವಳು ಬರೀ ಮಣಿಕಟ್ಟಿನಿಂದ ಬೀಸುತ್ತಿದ್ದಳು. ಬೆಂಕಿ ಅವಳ ಬೆನ್ನ ಹಿಂದೆ ಹೋಗಿ ಎಲ್ಲಿಂದ ಬರುತ್ತದೆಂದು ನನಗೇ ತಿಳಿಯುತ್ತಿರಲಿಲ್ಲ. ಜನ ಎದ್ದು ನಿಂತರು. ಯಾರೋ ಭೇಷ್ ಎಂದರು. ನನಗೆ ಇದುವರೆಗೆ ಯಾರೂ ಆಟದ ನಡುವೆ ಭೇಷ್ ಎಂದಿರಲಿಲ್ಲ, ಮುಗಿದ ಮೇಲೆ ಅನ್ನುತ್ತಿದ್ದರು.

ಉರಿ ಬಾಗಿದ್ದು ಆಗ.

ಮೊದಲು ನಾನೊಬ್ಬಳೇ ಕಂಡೆ. ಸುತ್ತಿನ ಹೊರಗೆ ಚಾಚಬೇಕಾದ ಉರಿಯ ನಾಲಿಗೆ ಒಳಗೆ, ಅವಳ ಕೆನ್ನೆಯ ಕಡೆಗೆ ತಿರುಗಿತ್ತು. ಮರುಸುತ್ತಿನಲ್ಲಿ ಇನ್ನೂ ಹತ್ತಿರ. ಅವಳು ಕತ್ತು ಹಿಂದಕ್ಕೆ ಎಳೆದಳು. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಚೀರಿದಳು. ಎಲ್ಲರ ಕಣ್ಣೂ ನನ್ನ ಮೇಲೆ. ಹಚ್ಚಿದವಳು ನಾನಲ್ಲವೇ!

ನೆಟ್ಟಗಾಗು, ನೆಟ್ಟಗಾಗು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇವಳು ನನ್ನ ಗೆಳತಿ, ಇವಳ ಮೇಲೆ ನನಗೇನೂ ಇಲ್ಲ ಎಂದು ಹೇಳಿಕೊಂಡೆ. ಹಾಗೆ ಹೇಳಿಕೊಂಡಷ್ಟೂ ಉರಿ ಬಾಗಿತು. ಒಂದು ಉಂಡೆ ಮುಖದ ಪಕ್ಕದಿಂದ ಹಾದಾಗ ಕೂದಲು ಸುಟ್ಟ ವಾಸನೆ ಬಂತು. ಅಷ್ಟು ವೇಗದಲ್ಲಿ ಸುತ್ತುವ ಸರಪಳಿಯನ್ನು ತಟ್ಟನೆ ನಿಲ್ಲಿಸಲು ಬರುವುದಿಲ್ಲ, ನಿಲ್ಲಿಸಿದರೆ ಎರಡೂ ಉಂಡೆ ಮೈಮೇಲೆಯೇ ಬೀಳುತ್ತವೆ. ಮಾಸ್ತರು ಹಸಿ ಗೋಣಿತಟ್ಟು ಎತ್ತಿಕೊಂಡು ಓಡಿ ಬರುತ್ತಿದ್ದರು. ನನ್ನ ಕಣ್ಣ ಮುಂದೆ ಸೇತುವೆಯಾಚೆಯ ತಣ್ಣನೆಯ ಮನೆ ಬಂತು.

"ದ್ಯಾಮೀ!" ಬೆಂಕಿಯ ಒಳಗಿನಿಂದ ಕಾಶಿಂಬಿ ಕೂಗಿದಳು. "ಬೈ! ಬೈಯ ಬೇ!"

ಬಾಯಿ ತೆರೆದೆ. ಬಂದದ್ದು ನಮ್ಮ ಹಳೆಯ ಬೈಗುಳ. "ಏ ಹೊಳಿ ಎಮ್ಮಿ ಹಾಲು ಮಾರಾಕಿ..." ಎಂದೆ. ಉರಿ ಕದಲಲಿಲ್ಲ.

"ಅದಲ್ಲ!" ಎಂದು ಅವಳು ಚೀರಿದಳು. ದನಿಯಲ್ಲಿ ಅಳುವಿತ್ತು. "ಖರೇದು!"

"ಅದು ನನ್ನ ಜಾಗಾ!" ಎಂದೆ. ಅದು ನನ್ನ ದನಿಯೇ ಎಂದು ನನಗೇ ಗಾಬರಿಯಾಯಿತು. "ನೀ ನಿಂತಿದ್ದು ನನ್ನ ಜಾಗಾ! ನಾ ಖುಷಿಲೇ ಕೊಟ್ಟಿಲ್ಲ, ಹೆದರಿ ಕೊಟ್ಟೀನಿ. ನೀ ತಪ್ಪಿ ಬೀಳ್ತಿ, ಜನ ನಗ್ತಾರ, ವಾಪಸ್ ಕೊಡ್ತಿ ಅಂದ್ಕೊಂಡಿದ್ದೆ. ನೀ ಬೀಳಲಿಲ್ಲ! ನನಗಿಂತ ಚಂದ ಆಡಾಕತ್ತಿ ನೀ! ನಿನಗ ಭೇಷ್ ಅಂದ್ರು, ನನ್ನ ಹೊಟ್ಯಾಗ ಬೆಂಕಿ ಬಿತ್ತು! ನೀ ಹಿಂಗ ಆಡಿದ್ರ ನಾಳೆ ನನ್ನ ಯಾರು ಕೇಳ್ತಾರ?"

ಯಾರೂ ನಗಲಿಲ್ಲ. ಗೋಣಿತಟ್ಟು ಹಿಡಿದ ಮಾಸ್ತರು ನಿಂತಲ್ಲೇ ನಿಂತರು. ಉರಿ ಅವಳ ಕೆನ್ನೆ ಬಿಟ್ಟು ಗೇಣು ಹಿಂದೆ ಸರಿದಿತ್ತು.

ಕಾಶಿಂಬಿ ಬೀಸುವುದನ್ನು ಬಿಡದೆಯೇ ತಿರುಗಿಸಿ ಕೂಗಿದಳು. "ನನ್ನ ಯಾರು ಕೇಳಿದ್ರು ಇಲ್ಲೀತನಕ? ಬೆಂಕಿ ಸುಟ್ರ ಯಾರು ಹಚ್ಚಿದ್ರು ಅಂತಾರ. ಸುಡಲಿಲ್ಲಂದ್ರ ಯಾರೂ ಕೇಳೂದಿಲ್ಲ! ದಿನಾ ನಿನ್ನ ಮ್ಯಾಲಿನ ಮನಸ್ಸು ತೊಳದು ತೊಳದು ಇಟ್ಕೊಳ್ಳಾಕಿ ನಾನು. ನೀ ಒಮ್ಮೆರ ಕೇಳೀದಿ, ನಿನಗೇನು ಬೇಕ ಕಾಶಿಂಬಿ ಅಂತ? ನಾ ಬಾಯಿ ಬಿಟ್ಟು ಕೇಳಿದ್ರ ಹಲ್ಲು ತೋರ್ಸಿದಿ!"

"ನಕ್ಕೀನಿ, ತಪ್ಪಾತು! ಆದ್ರ ಜಾಗಾ ನಂದ!"

"ಇವತ್ತು ನಂದು!"

"ಹೂಂ, ಇವತ್ತು ನಿಂದು! ಆಡು! ನೋಡಾಕ ಆಗವಲ್ದು ನನಗ, ಆದ್ರೂ ಆಡು!" ಎಂದು ಗಂಟಲು ಹರಿಯುವಂತೆ ಕೂಗಿದೆ, ಕೂಗಿ ಅತ್ತುಬಿಟ್ಟೆ. ಊರೆಲ್ಲ ನೋಡುತ್ತಿತ್ತು, ನೋಡಲಿ. ಕಣ್ಣೊರೆಸಿಕೊಂಡು ನೋಡಿದಾಗ ಎರಡೂ ಉರಿ ಹೊರಕ್ಕೆ, ತಮ್ಮ ಪಾಡಿಗೆ ತಾವು ಉರಿಯುತ್ತಿದ್ದವು. ಹಲಗೆಯವನೊಬ್ಬ ಮೆಲ್ಲಗೆ ಬಡಿಯಲು ಶುರುಮಾಡಿದ. ಕಾಶಿಂಬಿ ಎಣ್ಣೆ ತೀರುವವರೆಗೂ ಆಡಿದಳು. ನಾನು ನಿಂತು ನೋಡಿದೆ. ಹೊಟ್ಟೆಕಿಚ್ಚು ಇದ್ದೇ ಇತ್ತು, ಅದರ ಜೊತೆಗೇ ಇವಳು ನನ್ನ ಗೆಳತಿ ಎಂಬ ಹೆಮ್ಮೆಯೂ ಇತ್ತು.

ಉಂಡೆಗಳು ಕೆಂಪಾಗಿ ಮಂಕಾದ ಮೇಲೆ ನಾನೇ ಹೋಗಿ ಹಸಿ ತಟ್ಟು ಹಾಕಿದೆ. ಕಾಶಿಂಬಿ ಮರಳಿನ ಮೇಲೆ ಕುಸಿದು ಕೂತಳು. ಒಂದು ಹುಬ್ಬು ಪೂರ್ತಿ ಹೋಗಿತ್ತು. ಜನ ಇಳಿದು ಬಂದರು, ಆದರೆ ಹತ್ತಿರ ಬರಲಿಲ್ಲ, ನಮ್ಮಿಬ್ಬರ ಸುತ್ತ ಜಾಗ ಬಿಟ್ಟು ನಿಂತರು. ನನಗೆ ಅರ್ಥವಾಯಿತು. ಕಡ್ಡಿಪೆಟ್ಟಿಗೆ ಇನ್ನೂ ನನ್ನ ಕೈಯಲ್ಲಿತ್ತು. ಊರ ಕಣ್ಣೆದುರು ನನ್ನ ಬೆಂಕಿ ಒಬ್ಬಳ ಹುಬ್ಬು ಸುಟ್ಟಿತ್ತು.

ಮಾಸ್ತರು ಗೋಣಿತಟ್ಟನ್ನು ಕೆಳಗೆ ಹಾಕಿದರು. ಆಮೇಲೆ ಕಿವಿಯ ಮೇಲಿನ ಬೀಡಿ ತೆಗೆದು ತುಟಿಗಿಟ್ಟುಕೊಂಡು, ನನ್ನ ಮುಂದೆ ಬಾಗಿ ಮುಖ ಒಡ್ಡಿದರು. "ಹಚ್ಚವಾ," ಎಂದರು.

"ಮಾಸ್ತರ್ರ, ನಾನು..."

"ಹಚ್ಚು ಅಂದೆ. ಹೊಟ್ಟ್ಯಾಗಿಂದೆಲ್ಲಾ ಊರ ಮುಂದ ಒದರಾಕಿ ಕೈಲೆ ಹಚ್ಚಿಸ್ಕೊಂಡ್ರ ನನ್ನ ಮೀಸಿಗೇನೂ ಆಗೂದಿಲ್ಲ."

ಗೀರಿದೆ. ಬೀಡಿ ಹತ್ತಿತು, ಮೀಸೆ ಉಳಿಯಿತು. ಮಾಸ್ತರು ಹೊಗೆ ಬಿಟ್ಟು, ಏನೂ ಆಗಿಲ್ಲವೆಂಬಂತೆ ಜನರ ಕಡೆ ತಿರುಗಿ ಚಾಪೆ ಎತ್ತಿರಿ, ಹೊರಡಿರಿ ಎಂದು ಗದರತೊಡಗಿದರು.

ನಾನು ಹೋಗಿ ಕಾಶಿಂಬಿಯ ಪಕ್ಕದಲ್ಲಿ ಕೂತೆ. ನಾನೇ ಕೇಳಿದೆ, "ಮುಂದಿನ ಆಟಕ್ಕ ನನಗ ಹಚ್ಚಿಕೊಡ್ತೀ?"

"ಈಗ ಹೇಳಾಕ ಬರೂದಿಲ್ಲ," ಎಂದಳು. "ಇನ್ನೂ ಒಂದೀಟು ಉಳದೈತಿ. ಸುಳ್ಳ ಖಾಲಿ ಅಂತ ಹೇಳೂದಿಲ್ಲ ನಾ ಇನ್ನ."

ನಮ್ಮ ಗೋದಾಮಿನಲ್ಲಿ ಆ ಮಾತನ್ನು ಇದುವರೆಗೆ ಯಾರೂ ಆಡಿದ್ದಿಲ್ಲ. ಕೇಳಿ ನನಗೆ ಭಯವಾಗಬೇಕಿತ್ತು. ಹಾಗಾಗಲಿಲ್ಲ, ಮಧ್ಯಾಹ್ನದಿಂದ ಹಿಡಿದಿದ್ದ ಉಸಿರು ಬಿಟ್ಟೆ. "ನನ್ನ ಹತ್ರಾನೂ ಉಳದೈತಿ," ಎಂದೆ.

"ಗೊತ್ತೈತಿ."

"ಮತ್ತ ನಾಳೆ ಒಲಿಗೆ?"

ಕಾಶಿಂಬಿ ಹುಬ್ಬಿಲ್ಲದ ಕಡೆ ಕೈಯಾಡಿಸಿಕೊಂಡು, ನನ್ನ ಭುಜಕ್ಕೆ ಒರಗಿದಳು. "ಒಲಿಗೆ ಬರ್ತೀನಿ," ಎಂದಳು. "ಉರಿ ಒಂದೀಟು ಬಾಗೀತು. ದೂರ ಸರದು ಕೂಡು."